ಒತ್ತುವ ಮೊದಲೇ ಮುಗಿದುಹೋಗುತ್ತಿದ್ದ ಲಿಂಕ್: ಒಂದು ಪ್ರಕರಣ ಅಧ್ಯಯನ

ಮುಂಬೈಯ ಉಪನಗರವೊಂದರಲ್ಲಿ ಒಂದು ಕನ್ನಡ ಸಂಘವಿದೆ. ಹತ್ತನೇ ತರಗತಿ, ಹನ್ನೆರಡನೇ ತರಗತಿ ಮುಗಿಸಿದ ಮಕ್ಕಳಿಗೆ ಅದು ವಿದ್ಯಾರ್ಥಿವೇತನ ಕೊಡುತ್ತದೆ. ಅರ್ಜಿಯನ್ನು ವೆಬ್‌ನಲ್ಲೇ ತುಂಬುವ ವ್ಯವಸ್ಥೆ ಮಾಡಿದ ಮೊದಲ ವರ್ಷ, ಖಾತೆ ಸಕ್ರಿಯಗೊಳಿಸುವ ಇಮೇಲ್ ಲಿಂಕ್ ಕೈಕೊಟ್ಟಿತು. ಯಾಕೆ ಕೈಕೊಟ್ಟಿತು, ಏನೇನು ಮಾಡಿ ನೋಡಿದೆವು, ಕೊನೆಗೆ ಹೇಗೆ ಸರಿಹೋಯಿತು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಇಂಥ ಸಣ್ಣ ವ್ಯವಸ್ಥೆ ನಡೆಸುವ ಬೇರೆ ಸಂಘಗಳಿಗೆ, ಶಾಲೆಗಳಿಗೆ, ಹಳೇ ವಿದ್ಯಾರ್ಥಿಗಳ ಬಳಗಗಳಿಗೆ ಉಪಯೋಗ ಆಗಲಿ ಎಂಬ ಆಸೆ ನನ್ನದು. ಸಂಘದ ಹೆಸರು, ಊರು, ಜನರ ಗುರುತು ಬಿಟ್ಟಿದ್ದೇನೆ. ಕೆಲವು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ತಾಂತ್ರಿಕ ವಿಷಯ ಮಾತ್ರ ಇದ್ದ ಹಾಗೇ ಇದೆ.

ಹಿನ್ನೆಲೆ

ಮುಂಬೈ ಕನ್ನಡಿಗರು ಅಂದರೆ ಒಂದೇ ಬಗೆಯ ಜನರಲ್ಲ. ಈ ಸಂಘದಲ್ಲೂ ಹಾಗೆಯೇ. ಕುಂದಾಪುರ, ಉಡುಪಿ, ಕಾರ್ಕಳ ಕಡೆಯಿಂದ ಬಂದು ಹೋಟೆಲ್‌ಗಳಲ್ಲಿ ದುಡಿಯುವವರಿದ್ದಾರೆ. ಹಗಲು ಹೋಟೆಲ್, ಸಂಜೆ ರಾತ್ರಿಶಾಲೆ ಅಂತ ಓದಿ ಬ್ಯಾಂಕ್ ಸೇರಿದ ಹಿರಿಯರಿದ್ದಾರೆ. ಅವರ ಮಕ್ಕಳು ಈಗ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ನ ದೊಡ್ಡ ಕಚೇರಿಗಳಲ್ಲಿದ್ದಾರೆ. ವಿಜಯಪುರ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ಇಲ್ಲೇ ನೆಲೆಸಿದ ಕುಟುಂಬಗಳೂ ಇವೆ. ಅವರ ಮಕ್ಕಳಲ್ಲಿ ಕೆಲವರು ಮಹಾನಗರ ಪಾಲಿಕೆಯ ಕನ್ನಡ ಶಾಲೆಗಳಲ್ಲಿ ಕಲಿತವರು. ಈ ವ್ಯತ್ಯಾಸ ಮುಂದೆ ಬಹಳ ಮುಖ್ಯವಾಗುತ್ತದೆ. ಯಾರು ಯಾವ ಇಮೇಲ್ ಬಳಸುತ್ತಾರೆ, ದಿನದ ಯಾವ ಹೊತ್ತಿನಲ್ಲಿ ಅದನ್ನು ನೋಡುತ್ತಾರೆ ಎಂಬುದರ ಮೇಲೇ ತೊಂದರೆಯ ರೂಪ ಬದಲಾಗುತ್ತಿತ್ತು.

ಮೊದಲು ಕಾಗದದ ಅರ್ಜಿ ಇತ್ತು. ಮಳೆಗಾಲದ ಭಾನುವಾರ, ರೈಲು ತಡವಾಗಿ ಓಡುವ ದಿನಗಳಲ್ಲಿ, ವಸಾಯಿಯಿಂದಲೂ ಪನ್ವೇಲ್‌ನಿಂದಲೂ ಜನ ಬಂದು ಸಾಲು ನಿಲ್ಲುತ್ತಿದ್ದರು. ಅದನ್ನು ತಪ್ಪಿಸಬೇಕು ಎಂಬುದು ಸಂಘದ ಕಾರ್ಯದರ್ಶಿಯವರ ಪ್ರಾಮಾಣಿಕ ಕಾಳಜಿ. ಹೊಸದಾಗಿ ಕೆಲಸಕ್ಕೆ ಸೇರಿದ್ದ ಒಬ್ಬ ಹುಡುಗ ರಜಾದಿನಗಳಲ್ಲಿ ಕೂತು ಪೋರ್ಟಲ್ ಕಟ್ಟಿಕೊಟ್ಟ. ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ನನ್ನ ಉದ್ಯೋಗ ಸರ್ವರ್ ನಿರ್ವಹಣೆಯದ್ದಾದ್ದರಿಂದ, ದೂರುಗಳು ಬರಲು ಶುರುವಾದಾಗ ನನ್ನನ್ನು ಕರೆದರು.

ಪೋರ್ಟಲ್ ನಡೆಯುತ್ತಿದ್ದ ರೀತಿ ಹೀಗಿತ್ತು. ಹೆಸರು, ಇಮೇಲ್ ಕೊಟ್ಟು ನೋಂದಾಯಿಸಿದರೆ ಒಂದು ಮೇಲ್ ಬರುತ್ತದೆ. ಅದರಲ್ಲಿ ಒಂದು ಲಿಂಕ್. ಲಿಂಕ್‌ನ ಬಾಲದಲ್ಲಿ ಉದ್ದವಾದ ಒಂದು ಗುಪ್ತ ಸಂಕೇತ ಇರುತ್ತದೆ, ಅದನ್ನು ಟೋಕನ್ ಅನ್ನುತ್ತಾರೆ. ಲಿಂಕ್ ತೆರೆದಾಗ ಸರ್ವರ್ ಮೂರು ವಿಷಯ ನೋಡುತ್ತದೆ: ಈ ಟೋಕನ್ ನಮ್ಮದೇ? ಇದನ್ನು ಮೊದಲೇ ಬಳಸಿದ್ದಾರೆಯೇ? ಕಳಿಸಿ 12 ಗಂಟೆ ದಾಟಿದೆಯೇ? ಎಲ್ಲ ಸರಿಯಿದ್ದರೆ ಟೋಕನ್‌ಗೆ 'ಬಳಕೆಯಾಗಿದೆ' ಎಂದು ಗುರುತು ಹಾಕಿ ಪಾಸ್‌ವರ್ಡ್ ಇಡುವ ಪುಟ ತೋರಿಸುತ್ತದೆ. ಒಂದು ಸರಿಯಿಲ್ಲದಿದ್ದರೂ ಒಂದೇ ಸಾಲು: "ಈ ಲಿಂಕ್ ಅಮಾನ್ಯ. ಮತ್ತೆ ಪ್ರಯತ್ನಿಸಿ."

ಆ ಗುರುತು ಹಾಕುವ ಹೊತ್ತು ಮತ್ತು ಆ ಒಂದೇ ಸಾಲಿನ ಸಂದೇಶ, ಈ ಎರಡನ್ನು ಓದುಗರು ನೆನಪಿನಲ್ಲಿಡಬೇಕು.

ದೂರುಗಳು

ನೋಂದಣಿ ತೆರೆದ ವಾರದಲ್ಲೇ ಸಂಘದ ವಾಟ್ಸಾಪ್ ಗುಂಪು ತುಂಬಿತು. "ಲಿಂಕ್ ಬರ್ತಾ ಇಲ್ಲ", "ಲಿಂಕ್ ಆಗ್ತಾ ಇಲ್ಲ", "ಲಿಂಕ್ ಸರಿ ಇಲ್ಲ". ಓದಿದರೆ ಎಲ್ಲ ಒಂದೇ ದೂರಿನ ಹಾಗೆ ಕಾಣುತ್ತದೆ. ಸಮಿತಿಯಲ್ಲಿ ಬೇಗನೆ ಒಂದು ಅಭಿಪ್ರಾಯ ಗಟ್ಟಿಯಾಯಿತು. ನಮ್ಮ ಜನರಿಗೆ ಇಮೇಲ್ ಅಭ್ಯಾಸ ಕಡಿಮೆ, ಸರಿಯಾಗಿ ಒತ್ತುತ್ತಿಲ್ಲ, ಹೇಳಿಕೊಟ್ಟರೆ ಸಾಕು ಅಂತ. ಹಾಗೆ ಒತ್ತುವುದು ಹೇಗೆ ಅಂತ ಒಂದು ವಿಡಿಯೋ ಕೂಡ ಮಾಡಿ ಹಾಕಿದರು.

ಇದನ್ನು ಒಪ್ಪದವರು ಒಬ್ಬರೇ. ಸಂಘದ ಕಚೇರಿಯಲ್ಲಿ ಫೋನ್ ನೋಡಿಕೊಳ್ಳುವ ಅಕ್ಕ. ಅವರು ಪ್ರತಿ ಕರೆಯನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದರು. ಯಾರು, ಯಾವ ಇಮೇಲ್, ಯಾವಾಗ ನೋಂದಾಯಿಸಿದರು, ಯಾವಾಗ ಲಿಂಕ್ ತೆರೆದರು, ಪರದೆಯ ಮೇಲೆ ಏನು ಬಂತು. ಯಾರೂ ಹೇಳಿಕೊಟ್ಟದ್ದಲ್ಲ, ಅವರದೇ ಶಿಸ್ತು. "ಬ್ಯಾಂಕಿನ ಮ್ಯಾನೇಜರ್ ಕೂಡ ಆಗ್ತಿಲ್ಲ ಅಂತಿದ್ದಾರೆ. ಅವರಿಗೂ ಒತ್ತೋಕೆ ಬರಲ್ವಾ?" ಎಂದು ಅವರು ಸಭೆಯಲ್ಲಿ ಕೇಳಿದರು. ಈ ಪ್ರಕರಣದಲ್ಲಿ ಅತಿ ಬೆಲೆಬಾಳುವ ಪ್ರಶ್ನೆ ಅದೇ ಎಂದು ನಾನು ಈಗಲೂ ನಂಬುತ್ತೇನೆ.

ಆ ನೋಟ್‌ಬುಕ್ ಕೂಡಿಸಿ ಓದಿದಾಗ ಮೂರು ಬೇರೆ ಬೇರೆ ಗುಂಪು ಕಂಡವು. ಇಮೇಲೇ ಬಾರದವರು ಕೆಲವರು. ಮೇಲ್ ಬಂದು, ಕೂಡಲೇ ಒತ್ತಿದರೂ 'ಅಮಾನ್ಯ' ಎಂದು ಬಂದವರು ಕೆಲವರು. ಇವರಲ್ಲಿ ಹೆಚ್ಚಿನವರು ಕಚೇರಿಯ ಇಮೇಲ್ ಕೊಟ್ಟಿದ್ದರು. ಇನ್ನು ಕೆಲವರು ಜಿಮೇಲ್ ಬಳಸುವವರು, ಆದರೆ ಲಿಂಕ್ ತೆರೆದದ್ದು ರಾತ್ರಿ. ಇವರೆಲ್ಲ ಹೋಟೆಲ್‌ನವರು. ಕುಂದಾಪುರದ ಹಿರಿಯರೊಬ್ಬರು ಫೋನಿನಲ್ಲಿ ಹೇಳಿದ ಮಾತನ್ನು ಅಕ್ಕ ಹಾಗೇ ಬರೆದಿಟ್ಟಿದ್ದರು: "ಎಂತ ಮಾರಾಯ್ರೆ, ಮಧ್ಯಾಹ್ನ ಬಿಡುವಲ್ಲಿ ಫಾರಂ ಹಾಕಿದೆ. ರಾತ್ರಿ ಹೋಟ್ಲು ಮುಚ್ಚಿ ಬಂದು ನೋಡಿದ್ರೆ ಅಮಾನ್ಯ ಅಂತ ಬರ್ತದೆ. ಹನ್ನೆರಡು ಗಂಟೆ ಟೈಮ್ ಉಂಟು ಅಂತ ನೀವೇ ಬರ್ದಿದ್ದೀರಿ ಅಲ್ವಾ?"

ಅವರ ಲೆಕ್ಕ ಸರಿಯಾಗಿತ್ತು.

ಮೊದಲು ಮಾಡಿದ್ದು

ಮೇಲ್ ಬಾರದವರ ವಿಷಯದಿಂದ ಶುರು ಮಾಡಿದೆವು. ಅದು ಸುಲಭವಾಗಿ ಕಣ್ಣಿಗೆ ಬೀಳುವ ತೊಂದರೆ. ಪೋರ್ಟಲ್ ಇದ್ದ ಅಗ್ಗದ ಹೋಸ್ಟಿಂಗ್‌ನ ಸರ್ವರೇ ಮೇಲ್ ಕಳಿಸುತ್ತಿತ್ತು. ಅದೇ ಸರ್ವರಿನಿಂದ ಇನ್ನೂ ಎಷ್ಟೋ ಜಾಲತಾಣಗಳ ಮೇಲ್ ಹೋಗುತ್ತದೆ. ಅವರಲ್ಲಿ ಒಬ್ಬರು ಕಸ ಕಳಿಸಿದರೂ ಎಲ್ಲರ ಹೆಸರು ಕೆಡುತ್ತದೆ. ಮೇಲಾಗಿ ನಮ್ಮ ಡೊಮೈನ್‌ಗೆ, ಅಂದರೆ ಸಂಘದ ವೆಬ್ ವಿಳಾಸದ ಹೆಸರಿಗೆ, ಎಸ್‌ಪಿಎಫ್ ದಾಖಲೆ ಇರಲಿಲ್ಲ, ಡಿಕಿಮ್ ಸಹಿ ಇರಲಿಲ್ಲ. ಈ ಡೊಮೈನ್‌ನ ಹೆಸರಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದು ಎಂದು ಹೇಳುವುದು ಎಸ್‌ಪಿಎಫ್. ಮೇಲ್ ದಾರಿಯಲ್ಲಿ ಬದಲಾಗಿಲ್ಲ, ಈ ಡೊಮೈನ್‌ನ ಕೀಲಿಯಿಂದಲೇ ಸಹಿಯಾಗಿದೆ ಎಂದು ತೋರಿಸುವುದು ಡಿಕಿಮ್. ಇವೆರಡೂ ಸೋತರೆ ಮೇಲ್‌ಗೆ ಏನು ಮಾಡಬೇಕು ಎಂದು ತಿಳಿಸುವುದು ಡಿಮಾರ್ಕ್. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಈ ವಿಷಯದಲ್ಲಿ ಬಿಗಿಯಾಗಿವೆ. ಜಿಮೇಲ್‌ಗೆ ದಿನಕ್ಕೆ 5000ಕ್ಕಿಂತ ಜಾಸ್ತಿ ಕಳಿಸುವವರಿಗೆ ಮೂರೂ ಕಡ್ಡಾಯ. ನಮ್ಮಂಥ ಸಣ್ಣವರಿಗೂ ಎಸ್‌ಪಿಎಫ್ ಅಥವಾ ಡಿಕಿಮ್‌ನಲ್ಲಿ ಒಂದಾದರೂ ಇರಲೇಬೇಕು.

ಮೇಲ್ ಕಳಿಸುವ ಕೆಲಸವನ್ನು ಅದಕ್ಕೆಂದೇ ಇರುವ ಒಂದು ಸೇವೆಗೆ ವಹಿಸಿ, ಮೂರೂ ದಾಖಲೆ ಸರಿಮಾಡಿದೆವು. ಬಾರದಿದ್ದ ಮೇಲ್‌ಗಳಲ್ಲಿ ಹೆಚ್ಚಿನವು ಬರತೊಡಗಿದವು. ಹುಡುಗನ ಲಾಗ್‌ನಲ್ಲಿ, ಅಂದರೆ ಸರ್ವರ್ ತಾನಾಗಿ ಬರೆದಿಡುವ ದಾಖಲೆಯಲ್ಲಿ, ಎಲ್ಲ ಮೇಲ್‌ಗಳ ಎದುರೂ '250' ಎಂದು ಇತ್ತು. ಹಾಗಾಗಿ ಮೊದಲೂ ಎಲ್ಲ ತಲುಪುತ್ತಿವೆ ಎಂದೇ ಅವನು ನಂಬಿದ್ದ. 250 ಅಂದರೆ ಮುಂದಿನ ಸರ್ವರ್ ಮೇಲ್ ತೆಗೆದುಕೊಂಡಿತು ಎಂದಷ್ಟೇ ಅರ್ಥ. ಅಂಚೆ ಕಚೇರಿಯವರು ಲಕೋಟೆಗೆ ಮುದ್ರೆ ಒತ್ತಿದರು ಅಂದರೆ ಮನೆಯವರು ಓದಿದರು ಅಂತ ಆಗುವುದಿಲ್ಲವಲ್ಲ, ಹಾಗೆ.

ಆದರೆ 'ಅಮಾನ್ಯ' ಎಂಬ ದೂರು ಇಳಿಯಲಿಲ್ಲ. ಆಗ ಸಮಿತಿಯ ಒತ್ತಾಯದಿಂದ 'ಮತ್ತೆ ಕಳಿಸಿ' ಎಂಬ ಗುಂಡಿ ಸೇರಿಸಲಾಯಿತು. ನೋಡಲು ಇದು ಸಹಾಯದ ಹಾಗಿದೆ. ನಿಜದಲ್ಲಿ ಗೊಂದಲ ಹೆಚ್ಚಿತು. ಪ್ರತಿ ಸಲ ಹೊಸ ಟೋಕನ್ ಹುಟ್ಟಿದಾಗ ಹಳೆಯದು ರದ್ದಾಗುತ್ತಿತ್ತು. ಕೆಲವು ಮೇಲ್ ಸರ್ವರ್‌ಗಳು ಅಪರಿಚಿತರ ಮೇಲ್ ಅನ್ನು ಮೊದಲ ಸಲ ಬೇಕೆಂದೇ ಹಿಂದಕ್ಕೆ ಕಳಿಸಿ, ಸ್ವಲ್ಪ ಹೊತ್ತಿನ ನಂತರ ಮತ್ತೆ ಬಂದರೆ ಮಾತ್ರ ತೆಗೆದುಕೊಳ್ಳುತ್ತವೆ. ಅಷ್ಟರಲ್ಲಿ ಬಳಕೆದಾರರು ತಾಳ್ಮೆಗೆಟ್ಟು ಎರಡು ಮೂರು ಸಲ ಗುಂಡಿ ಒತ್ತಿರುತ್ತಾರೆ. ಆಮೇಲೆ ಎಲ್ಲ ಒಟ್ಟಿಗೆ ಬರುತ್ತವೆ. ವಿಷಯದ ಸಾಲು ಒಂದೇ ಆಗಿದ್ದರಿಂದ ಜಿಮೇಲ್ ಅವನ್ನೆಲ್ಲ ಒಂದೇ ಕಟ್ಟಿನಲ್ಲಿ ತೋರಿಸುತ್ತದೆ. ಕೈಗೆ ಸಿಕ್ಕಿದ ಲಿಂಕ್ ಒತ್ತಿದರೆ ಅದು ಹಳೆಯದು, ಮತ್ತೆ ಅದೇ 'ಅಮಾನ್ಯ'. ನಿಜವಾದ ಕಾರಣ ಗೊತ್ತಾಗುವ ಮೊದಲೇ ಇನ್ನೊಂದು ಹೊಸ ಕಾರಣ ಸೇರಿಕೊಂಡಿತ್ತು, ಪರದೆಯ ಮೇಲೆ ಎರಡಕ್ಕೂ ಒಂದೇ ಮುಖ.

ತಿರುವು

ಅರ್ಜಿಯ ಕೊನೆಯ ದಿನ ಹತ್ತಿರ ಬರುತ್ತಿತ್ತು. ಬೇರೆ ದಾರಿ ಕಾಣದೆ ಹುಡುಗ ಒಂದು ಉಪಾಯ ಮಾಡಿದ. ಕರೆ ಮಾಡಿದ ಒಬ್ಬ ತಂದೆಯ ಲಿಂಕ್ ಅನ್ನು ತಾನೇ ಹೊಸದಾಗಿ ಹುಟ್ಟಿಸಿ, ಅಕ್ಕನಿಗೆ ಕೊಟ್ಟು, ಅವರಿಂದ ನೇರ ವಾಟ್ಸಾಪ್‌ನಲ್ಲಿ ಕಳಿಸಿದ. ಇಮೇಲ್‌ನ ಗೊಡವೆಯೇ ಇಲ್ಲ. ಆದರೂ ಆಗಲಿಲ್ಲ. ಆಗ ತಾನೇ ಹುಟ್ಟಿದ, ಯಾರೂ ಮುಟ್ಟದ ಲಿಂಕ್ ಕೂಡ 'ಅಮಾನ್ಯ' ಎಂದಿತು.

ಎಲ್ಲರಿಗೂ ಬೇಸರ ತಂದ ಈ ಸೋಲೇ ನಿಜವಾದ ಸುಳಿವು. ಇಮೇಲ್ ಇಲ್ಲದೆಯೂ ತೊಂದರೆ ಬರುತ್ತದೆ ಅಂದರೆ ಕಾರಣ ಇಮೇಲ್‌ನಲ್ಲಿ ಮಾತ್ರ ಇಲ್ಲ. ನಾನು ವೆಬ್ ಸರ್ವರಿನ ಲಾಗ್ ತೆರೆದು ಆ ಒಂದೇ ಟೋಕನ್ ಹುಡುಕಿದೆ. ಅದನ್ನು ಎರಡು ಸಲ ತೆರೆಯಲಾಗಿತ್ತು. ಎರಡನೆಯದು ಆ ತಂದೆಯ ಫೋನಿನ ಬ್ರೌಸರ್. ಮೊದಲನೆಯದರ ಎದುರು, ಯಾವ ತಂತ್ರಾಂಶ ಕೇಳಿತು ಎಂಬ ಜಾಗದಲ್ಲಿ, 'ವಾಟ್ಸಾಪ್' ಎಂದೇ ಬರೆದಿತ್ತು.

ಲಿಂಕ್ ಅಂಟಿಸಿದ ಕೂಡಲೇ ಅದರ ಕೆಳಗೆ ಶೀರ್ಷಿಕೆ, ಚಿತ್ರ ಬರುವುದನ್ನು ನಾವೆಲ್ಲ ದಿನಾ ನೋಡುತ್ತೇವೆ. ಆ ಮುನ್ನೋಟ ತಯಾರಿಸಲು ಕಳಿಸುವವರ ಫೋನಿನ ವಾಟ್ಸಾಪ್ ಆ ಪುಟವನ್ನು ತೆರೆದು ಓದಬೇಕು. ಅಕ್ಕ ಅಂಟಿಸಿದ ಕ್ಷಣದಲ್ಲೇ ಅವರ ಫೋನು ಲಿಂಕ್ ತೆರೆದಿತ್ತು. ನಮ್ಮ ಸರ್ವರ್ 'ಬಳಕೆಯಾಗಿದೆ' ಎಂದು ಗುರುತು ಹಾಕಿತ್ತು. ತಂದೆ ಒತ್ತುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಇದು ತಿಳಿದ ಮೇಲೆ ಕಚೇರಿ ಇಮೇಲ್‌ನವರ ಕತೆ ಬಿಡಿಸಲು ಹೊತ್ತು ಹಿಡಿಯಲಿಲ್ಲ. ಅಕ್ಕನ ನೋಟ್‌ಬುಕ್‌ನಿಂದ ಅವರ ನೋಂದಣಿಯ ಸಮಯ ತೆಗೆದುಕೊಂಡು ಲಾಗ್‌ನ ಜೊತೆ ಹೋಲಿಸಿದೆ. ಮೇಲ್ ಹೊರಟ ಕೆಲವೇ ಸೆಕೆಂಡುಗಳಲ್ಲಿ ಲಿಂಕ್ ತೆರೆದಿತ್ತು. ಅಷ್ಟು ಬೇಗ ಯಾವ ಮನುಷ್ಯನೂ ಮೇಲ್ ಓದಿ ಒತ್ತಲಾರ. ಕೇಳಿದ ವಿಳಾಸ ಯಾವುದೋ ಡೇಟಾ ಸೆಂಟರ್‌ನದು. ಪುಟದ ಜೊತೆ ಬರಬೇಕಾದ ಚಿತ್ರ, ವಿನ್ಯಾಸದ ಕಡತ ಯಾವುದನ್ನೂ ಅದು ಕೇಳಿರಲಿಲ್ಲ. ಎಷ್ಟೋ ನಿಮಿಷಗಳ ನಂತರ ಮುಂಬೈಯ ಸಾಮಾನ್ಯ ಜಾಲದಿಂದ ನಿಜವಾದ ವ್ಯಕ್ತಿ ಬಂದಿದ್ದರು.

ಬ್ಯಾಂಕು, ದೊಡ್ಡ ಕಂಪನಿಗಳ ಮೇಲ್ ವ್ಯವಸ್ಥೆಯ ಮುಂದೆ ಕಾವಲು ತಂತ್ರಾಂಶ ಇರುತ್ತದೆ. ಒಳಬರುವ ಮೇಲ್‌ನಲ್ಲಿರುವ ಲಿಂಕ್‌ಗಳನ್ನು ಅದು ಮೊದಲು ತಾನೇ ತೆರೆದು, ಮೋಸದ ಪುಟವೇ ಎಂದು ಪರೀಕ್ಷಿಸುತ್ತದೆ. ನೌಕರರ ಹಿತಕ್ಕೆಂದೇ ಮಾಡುವ ಕೆಲಸ ಅದು. ಅದನ್ನು ದೂರುವಂತಿಲ್ಲ, ವಾಟ್ಸಾಪ್ ಮುನ್ನೋಟವನ್ನೂ ದೂರುವಂತಿಲ್ಲ. ಲಿಂಕ್ ತೆರೆಯುವುದು ಅಂದರೆ ವೆಬ್‌ನ ಭಾಷೆಯಲ್ಲಿ 'ಗೆಟ್' ವಿನಂತಿ. ಅದು ಓದಲು ಮಾತ್ರ, ಅದರಿಂದ ಏನೂ ಬದಲಾಗಬಾರದು ಎಂಬುದು ವೆಬ್‌ನ ಹಳೆಯ ನಿಯಮ. ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ರೀತಿಯಾದ ಎಚ್‌ಟಿಟಿಪಿಯ 1999ರ ನಿಯಮಾವಳಿಯಲ್ಲೂ ಇದೆ, ಅದರ 2022ರ ರೂಪವಾದ ಆರ್‌ಎಫ್‌ಸಿ 9110ರಲ್ಲೂ ಇದೆ. ಬದಲಾವಣೆ ಮಾಡುವ ಕೆಲಸಕ್ಕೆ 'ಪೋಸ್ಟ್' ಇದೆ. 2005ರಲ್ಲಿ ಗೂಗಲ್‌ನ ವೆಬ್ ಆಕ್ಸಲರೇಟರ್ ಎಂಬ ಸಾಧನ, ಪುಟ ಬೇಗ ಬರಲಿ ಎಂದು ಲಿಂಕ್‌ಗಳನ್ನು ಮುಂಚೆಯೇ ತೆರೆದಿಡುತ್ತಿತ್ತು. 'ಅಳಿಸು' ಎಂಬುದನ್ನು ಬರೀ ಲಿಂಕ್ ಆಗಿ ಇಟ್ಟಿದ್ದ ಅಪ್ಲಿಕೇಶನ್‌ಗಳಲ್ಲಿ ಜನರ ಮಾಹಿತಿಯೇ ಅಳಿದುಹೋದದ್ದು ಆಗ ದೊಡ್ಡ ಚರ್ಚೆಯಾಗಿತ್ತು. ನಮ್ಮ ಪೋರ್ಟಲ್‌ನಲ್ಲಿ ಆದದ್ದೂ ಅದೇ ಜಾತಿಯ ತೊಂದರೆ.

ಇದರಲ್ಲಿ ಇನ್ನೊಂದು ಗಂಭೀರ ಅಂಶವಿದೆ, ಹೆಚ್ಚಿನವರು ಗಮನಿಸುವುದಿಲ್ಲ. ಸಕ್ರಿಯಗೊಳಿಸುವ ಲಿಂಕ್ ಇರುವುದೇ 'ಈ ಇಮೇಲ್ ನನ್ನದು' ಎಂದು ಆ ವ್ಯಕ್ತಿ ತೋರಿಸಲಿ ಎಂದು. ತೆರೆದ ಮಾತ್ರಕ್ಕೆ ಖಾತೆ ಸಕ್ರಿಯವಾಗುವ ವ್ಯವಸ್ಥೆಗಳಲ್ಲಿ ಕಾವಲು ತಂತ್ರಾಂಶವೇ ಆ ಸಾಕ್ಷಿ ಹೇಳಿಬಿಡುತ್ತದೆ. ಆಗ ಯಾರೋ ನನ್ನ ಕಚೇರಿ ವಿಳಾಸ ಕೊಟ್ಟು ನೋಂದಾಯಿಸಿದರೆ, ನಾನು ಮೇಲ್ ನೋಡದೆಯೇ ಖಾತೆ ದೃಢವಾಗುತ್ತದೆ. ಬಳಕೆದಾರರಿಗೆ ಕಿರಿಕಿರಿ ಆಗುವುದಕ್ಕಿಂತ ಇದು ದೊಡ್ಡ ದೋಷ.

ಹೋಟೆಲ್‌ನವರ ರಾತ್ರಿ

ಮೂರನೇ ಗುಂಪಿನವರದು ಬೇರೆಯೇ ಕತೆ. ಇವರ ಟೋಕನ್‌ಗಳನ್ನು ಯಾರೂ ಮೊದಲೇ ತೆರೆದಿರಲಿಲ್ಲ. ಮಧ್ಯಾಹ್ನ ಮೂರೂವರೆಗೆ ನೋಂದಣಿ, ರಾತ್ರಿ ಹನ್ನೊಂದಕ್ಕೆ ಒತ್ತಿದ್ದು. ಏಳೂವರೆ ಗಂಟೆಯ ಅಂತರ. 12 ಗಂಟೆಯ ಗಡುವು ಎಲ್ಲಿಯೂ ದಾಟಿಲ್ಲ.

ಅಕ್ಕನ ಪಟ್ಟಿಯಲ್ಲಿ ಗೆದ್ದವರನ್ನೂ ಸೋತವರನ್ನೂ ಅಂತರದ ಪ್ರಕಾರ ಜೋಡಿಸಿದಾಗ ಒಂದು ಗೆರೆ ಸ್ಪಷ್ಟವಾಗಿ ಕಂಡಿತು. ಆರೂವರೆ ಗಂಟೆಯ ಒಳಗೆ ಒತ್ತಿದವರಿಗೆ ಆಗಿತ್ತು. ಅದರಾಚೆ ಯಾರಿಗೂ ಆಗಿರಲಿಲ್ಲ. ಹನ್ನೆರಡರಲ್ಲಿ ಆರೂವರೆ ಕಳೆದರೆ ಐದೂವರೆ. ಭಾರತದಲ್ಲಿ ಕೆಲಸ ಮಾಡುವ ಯಾವ ಪ್ರೋಗ್ರಾಮರ್‌ಗೂ ಈ ಸಂಖ್ಯೆ ಕೇಳಿದ ಕೂಡಲೇ ಕಿವಿ ನೆಟ್ಟಗಾಗುತ್ತದೆ. ನಮ್ಮ ಸಮಯ, ಜಗತ್ತಿನ ಗಡಿಯಾರಗಳಿಗೆ ಆಧಾರವಾದ ಯುಟಿಸಿಗಿಂತ 5 ಗಂಟೆ 30 ನಿಮಿಷ ಮುಂದೆ.

ಡೇಟಾಬೇಸ್ ಟೋಕನ್ ಹುಟ್ಟಿದ ಸಮಯವನ್ನು ಯುಟಿಸಿಯಲ್ಲಿ ಬರೆಯುತ್ತಿತ್ತು. ಪರೀಕ್ಷಿಸುವ ಪ್ರೋಗ್ರಾಂ 'ಈಗ ಎಷ್ಟು ಗಂಟೆ' ಎಂದು ಸರ್ವರನ್ನು ಕೇಳುತ್ತಿತ್ತು, ಸರ್ವರ್ ಭಾರತದ ಸಮಯ ಹೇಳುತ್ತಿತ್ತು. ಎರಡರ ಜೊತೆಗೂ ಯಾವ ವಲಯದ ಸಮಯ ಎಂಬ ಗುರುತು ಇರಲಿಲ್ಲ. ಹಾಗಾಗಿ ಆಗ ತಾನೇ ಹುಟ್ಟಿದ ಟೋಕನ್‌ಗೂ ಐದೂವರೆ ಗಂಟೆ ವಯಸ್ಸಾಗಿರುತ್ತಿತ್ತು. ಹುಡುಗ ತನ್ನ ಲ್ಯಾಪ್‌ಟಾಪ್‌ನಲ್ಲಿ ಪರೀಕ್ಷಿಸಿದಾಗ ಇದು ಕಾಣುವುದು ಸಾಧ್ಯವಿರಲಿಲ್ಲ. ಅಲ್ಲಿ ಡೇಟಾಬೇಸ್, ಪ್ರೋಗ್ರಾಂ ಎರಡೂ ಒಂದೇ ಗಡಿಯಾರ ನೋಡುತ್ತಿದ್ದವು. ಮೇಲಾಗಿ ಪರೀಕ್ಷೆ ಮಾಡುವವರು ಲಿಂಕ್ ಅನ್ನು ಕೂಡಲೇ ಒತ್ತುತ್ತಾರೆ. ಏಳೂವರೆ ಗಂಟೆ ಬಿಟ್ಟು ಒತ್ತುವವರು ಇಡೀ ದಿನ ನಿಂತು ದುಡಿಯುವವರು. ಈ ದೋಷದ ಪೂರ್ತಿ ಭಾರ ಬಿದ್ದದ್ದು ವಿದ್ಯಾರ್ಥಿವೇತನ ಅತ್ಯಂತ ಬೇಕಾದವರ ಮೇಲೆ. ಇದು ನನಗೆ ತುಂಬ ನೋವು ತಂದ ಸಂಗತಿ.

ಯಾವುದನ್ನು ಆಯ್ದೆವು

ಸರಿಪಡಿಸುವ ಬಗೆಯ ಬಗ್ಗೆ ಸಾಕಷ್ಟು ಚರ್ಚೆಯಾಯಿತು. ಅರ್ಜಿಯ ಕೊನೆಯ ದಿನ ಹತ್ತಿರ ಇದ್ದದ್ದರಿಂದ ಕಾಗದದ ಅರ್ಜಿಗೇ ಮರಳೋಣ ಎಂದರು ಕಾರ್ಯದರ್ಶಿ. ಒಂದೇ ಸಲ ಬಳಸಬೇಕೆಂಬ ನಿಯಮ ತೆಗೆದು, ಲಿಂಕ್ ಅನ್ನು ತಿಂಗಳುಗಟ್ಟಲೆ ಜೀವಂತ ಇಡೋಣ ಎಂದ ಹುಡುಗ. ಕಾವಲು ತಂತ್ರಾಂಶಗಳ ವಿಳಾಸ ಹುಡುಕಿ ತಡೆಯೋಣ ಎಂಬ ಸಲಹೆಯೂ ಬಂತು.

ಕೊನೆಯದನ್ನು ನಾನು ಬಲವಾಗಿ ವಿರೋಧಿಸಿದೆ. ಅಂಥ ತಂತ್ರಾಂಶಗಳು ಎಷ್ಟೋ ಸಲ ಸಾಮಾನ್ಯ ಬ್ರೌಸರಿನ ವೇಷದಲ್ಲೇ ಬರುತ್ತವೆ, ವಿಳಾಸ ಬದಲಿಸುತ್ತವೆ. ಅವನ್ನು ತಡೆದರೆ, ಏನೋ ಬಚ್ಚಿಡುತ್ತಿದ್ದೀರಿ ಎಂದು ನಮ್ಮ ಮೇಲ್ ಅನ್ನೇ ತಡೆಯಬಹುದು. ಲಿಂಕ್ ತಿಂಗಳುಗಟ್ಟಲೆ ಜೀವಂತ ಇರುವುದೂ ಸರಿಯಲ್ಲ. ಅರ್ಜಿಯಲ್ಲಿ ಮಕ್ಕಳ ಅಂಕಪಟ್ಟಿ, ಮನೆಯ ಆದಾಯದ ದಾಖಲೆ ಇರುತ್ತವೆ. ಹಂಚಿಕೊಂಡ ಫೋನಿನಲ್ಲಿ ಯಾರ ಕೈಗೋ ಹಳೆಯ ಲಿಂಕ್ ಸಿಕ್ಕರೆ ಅವರು ಪಾಸ್‌ವರ್ಡ್ ಬದಲಿಸಬಹುದು.

ಒಪ್ಪಿಕೊಂಡ ಬದಲಾವಣೆ ಸರಳವಾಗಿತ್ತು. ಲಿಂಕ್ ತೆರೆದರೆ ಪಾಸ್‌ವರ್ಡ್ ಇಡುವ ಪುಟ ಬರುತ್ತದೆ, ಎಷ್ಟು ಸಲ ಬೇಕಾದರೂ ಬರುತ್ತದೆ, ಏನೂ ಗುರುತು ಬೀಳುವುದಿಲ್ಲ. ಪಾಸ್‌ವರ್ಡ್ ಬರೆದು 'ಉಳಿಸಿ' ಒತ್ತಿದಾಗ, ಅಂದರೆ ಪೋಸ್ಟ್ ವಿನಂತಿ ಬಂದಾಗ ಮಾತ್ರ ಟೋಕನ್ ಮುಗಿಯುತ್ತದೆ. ಪುಟ ತೆರೆದ ಕೂಡಲೇ ತಾನಾಗಿ ಒತ್ತಿಕೊಳ್ಳುವ ಸ್ಕ್ರಿಪ್ಟ್ ಹಾಕುವ ಆಸೆ ಕೆಲವರಿಗೆ ಬರುತ್ತದೆ. ಹಾಕಬಾರದು. ಕೆಲವು ಕಾವಲು ತಂತ್ರಾಂಶಗಳು ಸ್ಕ್ರಿಪ್ಟ್ ಅನ್ನೂ ಓಡಿಸಿ ನೋಡುತ್ತವೆ. ಹೊಸ ಪಾಸ್‌ವರ್ಡ್ ಯೋಚಿಸಿ ಎರಡು ಸಲ ಬರೆಯುವುದು ಮನುಷ್ಯ ಮಾಡುವ ಕೆಲಸ. ಅದನ್ನೇ ಬಾಗಿಲಾಗಿ ಇಟ್ಟೆವು.

'ಮತ್ತೆ ಕಳಿಸಿ' ಒತ್ತಿದರೆ ಹಳೆಯ ಟೋಕನ್ ಈಗ ರದ್ದಾಗುವುದಿಲ್ಲ. ಗಡುವಿನೊಳಗಿನ ಎಲ್ಲವೂ ನಡೆಯುತ್ತವೆ. ಒಂದು ಬಳಕೆಯಾದ ಕೂಡಲೇ ಆ ಖಾತೆಯ ಉಳಿದವೆಲ್ಲ ರದ್ದು. ವಿಷಯದ ಸಾಲಿನಲ್ಲಿ ಕೋರಿದ ಸಮಯ ಸೇರಿಸಿದೆವು. ಇದರಿಂದ ಜಿಮೇಲ್ ಅವನ್ನು ಒಂದೇ ಕಟ್ಟಿಗೆ ಹಾಕುವುದು ನಿಂತಿತು, ಯಾವುದು ಹೊಸದು ಎಂದು ಕಣ್ಣಿಗೇ ಕಾಣುತ್ತದೆ. ಎಲ್ಲ ಸಮಯವನ್ನೂ ಯುಟಿಸಿಯಲ್ಲೇ ಬರೆದು ಯುಟಿಸಿಯಲ್ಲೇ ಹೋಲಿಸಿ, ತೋರಿಸುವಾಗ ಮಾತ್ರ ಭಾರತದ ಸಮಯಕ್ಕೆ ತಿರುಗಿಸುವ ಹಾಗೆ ಮಾಡಿದೆವು. ಗಡುವನ್ನು 24 ಗಂಟೆಗೆ ಏರಿಸಿದೆವು. ಇವತ್ತು ಮಧ್ಯಾಹ್ನದ ಬಿಡುವಿನಲ್ಲಿ ಅರ್ಜಿ ಹಾಕಿದವರಿಗೆ ನಾಳೆ ಬೆಳಗ್ಗೆಯೂ ಸಮಯ ಸಿಗಬೇಕು.

ಆ ಒಂದೇ ಸಾಲಿನ 'ಅಮಾನ್ಯ' ಹೋಯಿತು. ಈಗ ಗಡುವು ಮುಗಿದಿದ್ದರೆ "ಈ ಲಿಂಕ್‌ನ ಸಮಯ ಮುಗಿದಿದೆ, ಹೊಸದು ಬೇಕಿದ್ದರೆ ಇಲ್ಲಿ ಒತ್ತಿ" ಎಂದು ಬರುತ್ತದೆ. ಖಾತೆ ಸಿದ್ಧವಾಗಿದ್ದರೆ "ನಿಮ್ಮ ಖಾತೆ ಸಿದ್ಧವಿದೆ, ಲಾಗಿನ್ ಆಗಿ" ಎಂದು ಬರುತ್ತದೆ. ಲಿಂಕ್ ಅರ್ಧ ಮಾತ್ರ ಬಂದಿದ್ದರೆ ಅದನ್ನೂ ಹೇಳುತ್ತದೆ. ಅರ್ಧ ಲಿಂಕ್ ಬರುವುದು ನಿಜ, ಅದೂ ಒಂದೆರಡು ಕಡೆ ಆಗಿತ್ತು. ಟೋಕನ್‌ನಲ್ಲಿ ಕೂಡಿಸುವ ಚಿಹ್ನೆ, ಓರೆಗೆರೆ, ಸಮಚಿಹ್ನೆ ಇದ್ದವು. ವಿಳಾಸದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರದ ಭಾಗದಲ್ಲಿ ಕೂಡಿಸುವ ಚಿಹ್ನೆಯನ್ನು ಸರ್ವರ್ ಖಾಲಿ ಜಾಗ ಎಂದು ಓದುತ್ತದೆ, ಟೋಕನ್ ಕೆಡುತ್ತದೆ. ಅಕ್ಷರ, ಅಂಕೆ, ಅಡ್ಡಗೆರೆ, ಅಡಿಗೆರೆ ಮಾತ್ರ ಬರುವ ಬಗೆಗೆ ಬದಲಿಸಿದ ಮೇಲೆ ಅದೂ ಹೋಯಿತು.

ಇದರ ಜೊತೆ, ಯಾರು ಎಷ್ಟು ಸಲ ಒತ್ತಿದರು ಎಂದು ಎಣಿಸಲು ಮೇಲ್ ಸೇವೆ ನಮ್ಮ ಲಿಂಕ್ ಅನ್ನು ತನ್ನ ಲಿಂಕ್‌ನಿಂದ ಸುತ್ತಿ ಕಳಿಸುತ್ತಿತ್ತು. ಸಕ್ರಿಯಗೊಳಿಸುವ ಮೇಲ್‌ಗೆ ಅದನ್ನು ನಿಲ್ಲಿಸಿದೆವು. ಲಿಂಕ್ ಒತ್ತುವ ಮೊದಲು ವಿಳಾಸ ನೋಡಿ ಎಂದು ನಾವೇ ಜನರಿಗೆ ಹೇಳಿಕೊಡುತ್ತೇವೆ. ಹಾಗಿದ್ದ ಮೇಲೆ ನೋಡಿದರೆ ಸಂಘದ ಹೆಸರೇ ಕಾಣಬೇಕು.

ಅಕ್ಕ ಕೇಳಿದ ಇನ್ನೊಂದು ವಿಷಯ ಬಹಳ ಕೆಲಸಕ್ಕೆ ಬಂತು. ಜನ ಸಂಘದ ಕಚೇರಿಯ ಕಂಪ್ಯೂಟರ್ ಮುಂದೆ ಕೂತು ಅರ್ಜಿ ತುಂಬುತ್ತಾರೆ, ಮೇಲ್ ಇರುವುದು ಕೈಯಲ್ಲಿರುವ ಫೋನಿನಲ್ಲಿ. ಲಿಂಕ್ ಒತ್ತಿದರೆ ಪುಟ ಫೋನಿನಲ್ಲಿ ತೆರೆಯುತ್ತದೆ, ಕಂಪ್ಯೂಟರ್ ಹಾಗೇ ಉಳಿಯುತ್ತದೆ. ಅದಕ್ಕೆ ಅದೇ ಮೇಲ್‌ನಲ್ಲಿ 6 ಅಂಕೆಯ ಒಂದು ಸಂಖ್ಯೆಯನ್ನೂ ಸೇರಿಸಿದೆವು. ಅದನ್ನು ಕಂಪ್ಯೂಟರ್‌ನಲ್ಲಿ ಬರೆದರೆ ಸಾಕು. 6 ಅಂಕೆಗೆ ಇರುವುದು 10 ಲಕ್ಷ ಸಾಧ್ಯತೆ ಮಾತ್ರ, ಕಂಪ್ಯೂಟರ್‌ಗೆ ಅದು ದೊಡ್ಡದಲ್ಲ. ಹಾಗಾಗಿ ಐದು ಸಲ ತಪ್ಪಿದರೆ ಆ ಸಂಖ್ಯೆ ಸಾಯುತ್ತದೆ, ಹೊಸದು ಕೇಳಬೇಕು. ಯಾವುದೇ ಕಾವಲು ತಂತ್ರಾಂಶ ಮೇಲ್ ತೆರೆದು ಓದಿದರೂ ಸಂಖ್ಯೆ ಹಾಗೇ ಉಳಿಯುತ್ತದೆ.

ಏನಾಯಿತು

ಬದಲಾವಣೆ ಹಾಕುವ ಮೊದಲು ಕಚೇರಿ ಇಮೇಲ್ ಇರುವ ಇಬ್ಬರು ಸದಸ್ಯರನ್ನೂ, ರಾತ್ರಿ ಹೋಟೆಲ್ ಮುಚ್ಚಿದ ಮೇಲೆ ನೋಡುವ ಒಬ್ಬರನ್ನೂ ಪರೀಕ್ಷೆಗೆ ಕೇಳಿಕೊಂಡೆವು. ಕುಂದಾಪುರದ ಆ ಹಿರಿಯರೇ ಮೂರನೆಯವರು. ಅವರಿಗೆ ಈ ಸಲ ಆಯಿತು. ಅರ್ಜಿಯ ಕೊನೆಯ ದಿನವನ್ನು ಸಮಿತಿ ಮುಂದೂಡಿತು. ಮೊದಲು ಸೋತವರ ಪಟ್ಟಿ ನೋಟ್‌ಬುಕ್‌ನಲ್ಲಿ ಇದ್ದದ್ದರಿಂದ, ಅಕ್ಕ ಒಬ್ಬೊಬ್ಬರಿಗೂ ತಾವೇ ಕರೆ ಮಾಡಿ "ನಿಮ್ಮದೇನೂ ತಪ್ಪಿರಲಿಲ್ಲ, ಈಗ ಸರಿಯಾಗಿದೆ, ಮತ್ತೆ ಹಾಕಿ" ಎಂದು ಹೇಳಿದರು. ಹಾಗೆ ಹೇಳುವುದು ಬೇಕಾಗಿತ್ತು. ಒತ್ತಲು ಬರುವುದಿಲ್ಲ ಎಂದು ಹೇಳಿಸಿಕೊಂಡ ಮೇಲೆ ಕೆಲವರು ಸುಮ್ನೆ ಕೈಬಿಟ್ಟಿದ್ದರು.

ಕಾವಲು ತಂತ್ರಾಂಶಗಳು ಈಗಲೂ ಬರುತ್ತವೆ. ಲಾಗ್‌ನಲ್ಲಿ ಅವುಗಳ ಹೆಜ್ಜೆ ಕಾಣುತ್ತದೆ, ಪುಟ ನೋಡಿ ಹೋಗುತ್ತವೆ, ಅಷ್ಟೇ. ಟೋಕನ್‌ಗಳನ್ನು ಡೇಟಾಬೇಸ್‌ನಲ್ಲಿ ಹಾಗೇ ಇಡದೆ ಅದರ ಹ್ಯಾಶ್ (ಮೂಲ ಟೋಕನ್ ಅನ್ನು ಮರಳಿ ಪಡೆಯಲಾಗದ ಗುರುತು) ಮಾತ್ರ ಇಡುವಂತೆ ಹುಡುಗ ತಾನಾಗಿ ಬದಲಿಸಿದ. ಇನ್ನು ಯಾರೂ ಅಲ್ಲಿಂದ ಲಿಂಕ್ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಲಾಗುವುದಿಲ್ಲ. ಬೇರೊಬ್ಬರ ಕೈ ದಾಟಿ ಬಂದ ಲಿಂಕ್ ಇಮೇಲ್ ಯಾರದು ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ ಎಂಬುದು ಅವನಿಗೆ ಮನದಟ್ಟಾಗಿತ್ತು. ಬೇರೆ ಸಂಘದವರು ಇದೇ ತೊಂದರೆಯಲ್ಲಿ ನನ್ನನ್ನು ಕೇಳಿದಾಗ ನಾನು ಮೊದಲು ಹೇಳುವುದು ಇಷ್ಟು. ಸೋತ ಒಬ್ಬರ ಒಂದು ಟೋಕನ್ ಹಿಡಿಯಿರಿ. ಅದು ಯಾವಾಗ ಹುಟ್ಟಿತು, ಮೇಲ್ ಯಾವಾಗ ಹೊರಟಿತು, ಆ ಲಿಂಕ್ ಎಷ್ಟು ಸಲ, ಯಾರಿಂದ, ಯಾವ ಹೊತ್ತಿಗೆ ತೆರೆಯಿತು ಎಂದು ಒಂದೇ ಕಾಗದದ ಮೇಲೆ ಬರೆಯಿರಿ. ಆಮೇಲೆ ಏನನ್ನಾದರೂ ಬದಲಿಸಿ.

ಉಳಿದ ದೂರುಗಳು ಬೇರೆ ಜಾತಿಯವು. ವಿಳಾಸವನ್ನೇ ತಪ್ಪು ಬರೆದವರಿದ್ದಾರೆ, 'ಡಾಟ್ ಕಾಮ್' ಬದಲು 'ಡಾಟ್ ಕಾನ್' ಅಂತ. ನೋಂದಣಿಯ ನಂತರದ ಪುಟದಲ್ಲಿ ಈಗ ವಿಳಾಸವನ್ನು ದೊಡ್ಡ ಅಕ್ಷರದಲ್ಲಿ ತೋರಿಸಿ, ಅಲ್ಲೇ ತಿದ್ದಲು ಅವಕಾಶ ಕೊಡುತ್ತೇವೆ. ತಲುಪಿಸಲು ಸಾಧ್ಯವೇ ಇಲ್ಲ ಎಂದು ಒಮ್ಮೆ ಮೇಲ್ ಹಿಂದಿರುಗಿದರೆ ಆ ವಿಳಾಸವನ್ನು ಮೇಲ್ ಸೇವೆ ತನ್ನ ತಡೆಪಟ್ಟಿಗೆ ಹಾಕಿಬಿಡುತ್ತದೆ, ಆಮೇಲೆ ಎಷ್ಟು ಸಲ 'ಮತ್ತೆ ಕಳಿಸಿ' ಒತ್ತಿದರೂ ಮೇಲ್ ಹೊರಡುವುದೇ ಇಲ್ಲ. ಒಬ್ಬ ವಿದ್ಯಾರ್ಥಿನಿಯ ಮೇಲ್ ಹೀಗೆ ನಿಂತಿತ್ತು. ಆ ಪಟ್ಟಿಯನ್ನು ವಾರಕ್ಕೊಮ್ಮೆ ನೋಡುವುದು ಈಗ ಹುಡುಗನ ಕೆಲಸ.

ಒಂದು ಹೋಟೆಲ್‌ನ ಮೇಲ್ವಿಚಾರಕರು ತಮ್ಮ ಒಂದೇ ಇಮೇಲ್‌ನಿಂದ ಜೊತೆಯವರ ಮೂವರು ಮಕ್ಕಳಿಗೆ ಅರ್ಜಿ ಹಾಕಲು ನೋಡಿದರು. ಒಂದು ವಿಳಾಸಕ್ಕೆ ಒಂದೇ ವಿದ್ಯಾರ್ಥಿ ಎಂದು ಪೋರ್ಟಲ್ ನಿರಾಕರಿಸಿತು. ಖಾತೆ ಪೋಷಕರದು, ಅದರೊಳಗೆ ಎಷ್ಟು ವಿದ್ಯಾರ್ಥಿಗಳ ಅರ್ಜಿ ಬೇಕಾದರೂ ಇರಬಹುದು ಎಂದು ಮುಂದಿನ ವರ್ಷಕ್ಕೆ ಬದಲಿಸುತ್ತಿದ್ದೇವೆ. ಇಮೇಲ್ ಇಲ್ಲವೇ ಇಲ್ಲದ ಮನೆಗಳಿಗೆ ಎಸ್‌ಎಂಎಸ್‌ನಲ್ಲಿ ಸಂಖ್ಯೆ ಕಳಿಸೋಣ ಎಂಬ ಪ್ರಸ್ತಾಪ ಇದೆ. ನಮ್ಮ ದೇಶದಲ್ಲಿ ಅದಕ್ಕೆ ಸಂಸ್ಥೆಯ ಹೆಸರು, ಕಳಿಸುವವರ ಹೆಸರಾಗಿ ಕಾಣುವ ಸಂಕೇತ, ಸಂದೇಶದ ಮಾದರಿ ಎಲ್ಲವನ್ನೂ ಟೆಲಿಕಾಂ ಕಂಪನಿಗಳ ಡಿಎಲ್‌ಟಿ ಎಂಬ ನೋಂದಣಿ ವ್ಯವಸ್ಥೆಯಲ್ಲಿ ಮೊದಲೇ ನೋಂದಾಯಿಸಬೇಕು. ದಾಖಲೆಗಳನ್ನು ಖಜಾಂಚಿಯವರು ಜೋಡಿಸುತ್ತಿದ್ದಾರೆ. ಅದು ಮುಗಿಯುವವರೆಗೆ ಅಂಥ ಮನೆಗಳ ಅರ್ಜಿಯನ್ನು ಭಾನುವಾರ ಕಚೇರಿಯಲ್ಲಿ ಅಕ್ಕನೇ ತುಂಬಿಸಿಕೊಡುತ್ತಾರೆ.